ಶವಪೆಟ್ಟಿಗೆ ಬಂದರೆ ಮೆರವಣಿಗೆ, ಬಾರದಿದ್ದರೆ? ಕೊಪ್ಪದ, ದೇವಯ್ಯ ಮತ್ತು ‘ಕಾಣೆ’ ಅನ್ನೋ ಒಂದು ಪದ

ಉಣಕಲ್ (ಹುಬ್ಬಳ್ಳಿ): 2026ರ ಫೆಬ್ರುವರಿ 11ಕ್ಕೆ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ತೀರಿಕೊಂಡು 10 ವರ್ಷ. ಕುಂದಗೋಳ ತಾಲ್ಲೂಕಿನ ಬೆಟದೂರ ಅವರ ಊರು. 2025ರ ಸೆಪ್ಟೆಂಬರ್ 7ಕ್ಕೆ ಕನ್ನಡ ನಾಡಿನ ಇನ್ನೊಬ್ಬ ಸೈನಿಕ, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಯುದ್ಧದಲ್ಲಿ ಕಾಣೆಯಾಗಿ 60 ವರ್ಷ ತುಂಬಿತು.

ಮೊದಲನೆಯವರ ಹೆಸರು ಉಣಕಲ್‌ನ ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಗೊತ್ತು. ಎರಡನೆಯವರ ಹೆಸರು ಬಹಳ ಮಂದಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ 2025ರ ಜನವರಿಯಲ್ಲಿ ಬಂದ ಹಿಂದಿ ಸಿನಿಮಾದಿಂದ ಗೊತ್ತಾದದ್ದೇ ಹೆಚ್ಚು. ಇಬ್ಬರೂ ದೇಶಕ್ಕಾಗಿ ಜೀವ ಕೊಟ್ಟವರು. ಒಬ್ಬರಿಗೆ ಒಂದೇ ವಾರದಲ್ಲಿ ಇಡೀ ದೇಶ ಕೈಮುಗಿಯಿತು. ಇನ್ನೊಬ್ಬರಿಗೆ ಸರ್ಕಾರದ ಪದಕ ಬರಲು 23 ವರ್ಷ ಬೇಕಾಯಿತು. ಯಾಕ ಹಿಂಗಾತು?

ದೂರದ ಊರು, ಹಳೆಯ ಕಾಲ ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಕಾರಣ ಅಷ್ಟೇ ಅಲ್ಲ. ಒಬ್ಬರನ್ನು ಹುಡುಕಿದರು, ಅವರು ಸಿಕ್ಕರು. ಇನ್ನೊಬ್ಬರನ್ನು ಹುಡುಕಲು ಆಗಲಿಲ್ಲ, ಅವರ ಕಡತದ ಮೇಲೆ ‘ಕಾಣೆ’ ಅಂತ ಬರೆದು ಕಟ್ಟಿಟ್ಟರು. ನೆನಪು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಈ ಒಂದು ಪದದ ಮೇಲೆ ನಿಂತಿದೆ. ಮನೆಗೊಬ್ಬರು, ಓಣಿಗಿಬ್ಬರು ಸೇನೆಗೆ ಹೋಗಿರುವ ಈ ಭಾಗದಲ್ಲಿ ಇದನ್ನು ತಿಳಿದುಕೊಳ್ಳುವುದು ಬರೀ ದೇಶಭಕ್ತಿಯ ಮಾತಲ್ಲ, ಮನೆತನದ ಲೆಕ್ಕಾಚಾರದ ಮಾತೂ ಹೌದು.

ಆರು ದಿನ ಹುಡುಕಿದ್ದಕ್ಕೆ ಸಿಕ್ಕ ಮನುಷ್ಯ

2016ರ ಫೆಬ್ರುವರಿ 3. ಸಿಯಾಚಿನ್‌ನ ಸೋನಂ ಠಾಣೆ ಮೇಲೆ ಹಿಮದ ಗೋಡೆ ಕುಸಿಯಿತು. ಸಮುದ್ರ ಮಟ್ಟದಿಂದ 19 ಸಾವಿರ ಅಡಿಗೂ ಎತ್ತರದ ಜಾಗ ಅದು. 19ನೇ ಮದ್ರಾಸ್ ರೆಜಿಮೆಂಟಿನ 10 ಮಂದಿ ಒಳಗೆ ಸಿಕ್ಕಿಬಿದ್ದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್ ಮತ್ತು ನಮ್ಮ ಜಿಲ್ಲೆಯ ಹನುಮಂತಪ್ಪ.

ಮರುದಿನವೇ ಯಾರೂ ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂಬ ಮಾತು ಬಂತು. ಪ್ರಧಾನಿ ಸಂತಾಪ ಸೂಚಿಸಿದರು. ಟಿ.ವಿ.ಗಳಲ್ಲಿ ‘ಹುತಾತ್ಮ’ ಎಂಬ ಪದವೂ ಓಡಾಡಿತು. ಆದರೂ ಸೇನೆ ಅಗೆಯುವುದನ್ನು ನಿಲ್ಲಿಸಲಿಲ್ಲ. ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ, ಹೆಲಿಕಾಪ್ಟರ್ ಹೊರಬಹುದಾದ ಭಾರವೂ ಬಹಳ ಕಡಿಮೆ. ಅಂಥಲ್ಲಿಗೆ ಹಿಮ ಕೊರೆಯುವ ಯಂತ್ರ, ನೆಲದಡಿ ಏನಿದೆ ಎಂದು ತೋರಿಸುವ ರೇಡಾರ್ ಸಾಗಿಸಿದರು. ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳೂ ಮೂಸಿ ಮೂಸಿ ಜಾಗ ತೋರಿಸಿದವು. ಫೆಬ್ರುವರಿ 8ರ ರಾತ್ರಿ 25 ಅಡಿಗಿಂತ ಹೆಚ್ಚು ಆಳದಲ್ಲಿ ಹನುಮಂತಪ್ಪ ಸಿಕ್ಕರು. ಉಸಿರಾಡುತ್ತಿದ್ದರು.

ಮರುದಿನ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. 11ರಂದು ಮಧ್ಯಾಹ್ನ ಆಗುವುದರೊಳಗೆ ಪ್ರಾಣ ಹೋಯಿತು. ಪಾರ್ಥಿವ ಶರೀರ ಹುಬ್ಬಳ್ಳಿಗೆ ಬಂತು. ನೆಹರು ಮೈದಾನದಲ್ಲಿ ಸಾವಿರಾರು ಮಂದಿ ಸಾಲು ಹಚ್ಚಿ ದರ್ಶನ ಪಡೆದರು. 12ರಂದು ಬೆಟದೂರಿನಲ್ಲಿ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು.

ಇದರಲ್ಲಿ ಮಂದಿ ನೆನಪಿಟ್ಟುಕೊಂಡದ್ದು ಆರು ದಿನ ಹಿಮದಡಿ ಬದುಕಿದ ಪವಾಡವನ್ನು. ಅದು ಸರಿಯೇ. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ ಇನ್ನೊಂದಿದೆ. ‘ಇನ್ನು ಯಾರೂ ಇಲ್ಲ’ ಎಂದ ಮೇಲೂ ಹುಡುಕಿದವರು ಇದ್ದರು. ಎರಡನೆಯ ದಿನಕ್ಕೆ ಕೈಬಿಟ್ಟಿದ್ದರೆ ಹನುಮಂತಪ್ಪ ಕೂಡ ಒಂದು ಪಟ್ಟಿಯಲ್ಲಿನ ಹೆಸರಾಗಿ ಉಳಿಯುತ್ತಿದ್ದರು. ಮೂರು ದಿನವಾದರೂ ಮನೆಯವರಿಗೆ ಆಸೆ ಸಿಕ್ಕಿತು, ಕೊನೆಗೆ ಮಣ್ಣು ಕೊಡುವ ಭಾಗ್ಯವಾದರೂ ಸಿಕ್ಕಿತು. ಉಳಿದ ಒಂಬತ್ತೂ ಜನರ ದೇಹಗಳನ್ನು ಹೊರಗೆ ತೆಗೆದರು. ಹವಾಮಾನ ಕೆಟ್ಟಿದ್ದರಿಂದ ಕೆಳಗೆ ತರಲು ಕೆಲವು ದಿನ ತಡವಾಯಿತು, ಅಷ್ಟೇ. ಒಬ್ಬರೂ ‘ಕಾಣೆ’ ಆಗಿ ಉಳಿಯಲಿಲ್ಲ.

ಹಾರಿ ಹೋದವರು ಮರಳಲಿಲ್ಲ

ಈಗ 1965ಕ್ಕೆ ಬನ್ನಿ. ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರ ನೆಲೆಯಿಂದ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಅಂದು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಯಾರ ವಿಮಾನವಾದರೂ ಕೈಕೊಟ್ಟರೆ ಹೋಗಲಿ ಎಂದು ಬದಲಿಗೆ ಇಟ್ಟವರು. ಜಾಗ ಖಾಲಿಯಾಯಿತು, ಅವರು ಹಾರಿದರು. ದಾಳಿ ಮುಗಿಸಿ ಉಳಿದವರು ಮರಳಿದರು, ದೇವಯ್ಯ ಮರಳಲಿಲ್ಲ. ಅವರಿಗೆ ಏನಾಯಿತು ಎಂದು ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ವೈರಿ ನೆಲದಲ್ಲಿ ಬಿದ್ದ ವಿಮಾನ ಹುಡುಕಲು ಯಾರನ್ನು ಕಳಿಸುವುದು? ಕಡತದಲ್ಲಿ ‘ಕಾಣೆ’ ಎಂದು ಬರೆದರು. ಯುದ್ಧ ಮುಗಿಯಿತು, ಪದಕಗಳನ್ನು ಹಂಚಿದರು. ದೇವಯ್ಯ ಅವರ ಹೆಸರು ಅದರಲ್ಲಿ ಇರಲಿಲ್ಲ.

ಸತ್ಯ ಹೊರಬಿದ್ದದ್ದು 1979ರಲ್ಲಿ, ಅದೂ ಹೊರಗಿನವರಿಂದ. ಪಾಕಿಸ್ತಾನದ ವಾಯುಪಡೆಯ ದಾಖಲೆಗಳನ್ನು ನೋಡಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಒಂದು ಕಾಳಗದ ವಿವರವಿತ್ತು. ಮರಳುತ್ತಿದ್ದ ಭಾರತದ ಒಂದು ಮಿಸ್ಟೇರ್ ಅನ್ನು ಪಾಕಿಸ್ತಾನದ ಅಮ್ಜದ್ ಹುಸೇನ್ ಅಮೆರಿಕದ ಸ್ಟಾರ್‌ಫೈಟರ್ ವಿಮಾನದಲ್ಲಿ ಅಟ್ಟಿಸಿಕೊಂಡು ಬಂದರು. ಸ್ಟಾರ್‌ಫೈಟರ್ ಶಬ್ದಕ್ಕಿಂತ ದುಪ್ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಅದಕ್ಕೆ ಯಾವ ರೀತಿಯಲ್ಲೂ ಸರಿಸಾಟಿ ಅಲ್ಲ. ಪೆಟ್ಟು ತಿಂದ ಮಿಸ್ಟೇರಿನ ಪೈಲಟ್ ಓಡಿಹೋಗಲಿಲ್ಲ, ತಿರುಗಿ ನಿಂತು ಕಾದಾಡಿದರು. ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಮಿಸ್ಟೇರಿನ ಪೈಲಟ್ ಉಳಿಯಲಿಲ್ಲ.

ನಮ್ಮ ವಾಯುಪಡೆಯವರು ದಿನ, ಹೊತ್ತು, ದಿಕ್ಕು ಹೊಂದಿಸಿ ನೋಡಿದರು. ಅದು ದೇವಯ್ಯ ಅವರೇ. ಅವರ ದೇಹವನ್ನು ಅಲ್ಲಿನ ಹಳ್ಳಿಯ ಜನರೇ ಮಣ್ಣು ಮಾಡಿದ್ದರು ಎಂಬುದೂ ತಿಳಿಯಿತು. ಅಂದಿನ ದಾಳಿಯ ಮುಂದಾಳು ಒ.ಪಿ. ತನೇಜಾ ತಮ್ಮ ಸಂಗಾತಿಗಾಗಿ ಪತ್ರ ಬರೆದರು, ಪಟ್ಟು ಹಿಡಿದರು. 1988ರಲ್ಲಿ ಮಹಾವೀರ ಚಕ್ರ ಪ್ರಕಟವಾಯಿತು. ಯುದ್ಧಕಾಲದ ಎರಡನೆಯ ಅತಿದೊಡ್ಡ ಶೌರ್ಯ ಪದಕ ಅದು. ಪತ್ನಿಯ ಕೈಗೆ ಬಂತು.

ಇಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಅದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಮೇಲೆ ದಾಳಿಗೆ ಬಂದಾಗ ನಮ್ಮವರ ಗುಂಡಿಗೆ ವಿಮಾನ ಕಳೆದುಕೊಂಡು ಸೆರೆ ಸಿಕ್ಕರು. ಅಂದರೆ ದೇವಯ್ಯ ಅವರಿಗೆ ಏನಾಯಿತು ಎಂದು ಕಣ್ಣಾರೆ ಕಂಡಿದ್ದ ಮನುಷ್ಯ ನಮ್ಮದೇ ಸೆರೆಯಲ್ಲಿ ಇದ್ದ. ಆದರೂ ಉತ್ತರ ಹೊರಬರಲು ಮತ್ತೆ ಎಂಟು ವರ್ಷ ಹಿಡಿಯಿತು, ಅದೂ ಪುಸ್ತಕದ ಮೂಲಕ. ‘ಕಾಣೆ’ ಎಂದು ಬರೆದ ಕಡತವನ್ನು ಮತ್ತೆ ಮತ್ತೆ ಬಿಚ್ಚಿ ನೋಡುವುದನ್ನೇ ಕೆಲಸ ಮಾಡಿಕೊಂಡ ಒಂದು ಕಚೇರಿ ಇಲ್ಲದಿದ್ದರೆ ಹಿಂಗ ಆಗ್ತದ.

ಈಗ ಮಡಿಕೇರಿಯಲ್ಲಿ ದೇವಯ್ಯ ಹೆಸರಿನ ವೃತ್ತವಿದೆ. ‘ಸ್ಕೈ ಫೋರ್ಸ್’ ಸಿನಿಮಾ ಅವರ ಕಥೆಯಿಂದಲೇ ಹುಟ್ಟಿದ್ದು. ಆದರೆ ಸಿನಿಮಾದಲ್ಲಿ ಪಾತ್ರದ ಹೆಸರು ಬದಲಾಯಿಸಿ, ಬೇರೆ ಭಾಷೆಯ ಮನೆತನದವರಂತೆ ತೋರಿಸಿದ್ದಕ್ಕೆ ಕೊಡವರು ಬೇಸರ ಹೇಳಿಕೊಂಡರು. ಅದರಲ್ಲಿ ತಪ್ಪಿಲ್ಲ. ದೇಹ ಸಿಗದವರಿಗೆ ಉಳಿಯುವುದು ಹೆಸರು ಮತ್ತು ಊರು ಎರಡೇ. ಅದನ್ನೂ ಬದಲಿಸಿದರೆ ಇನ್ನೇನು ಉಳಿಯಿತು?

ಸತ್ತವರಿಗಿಂತ ಕಾಣೆಯಾದವರೇ ಹೆಚ್ಚು

ದೇವಯ್ಯ ಒಬ್ಬರದೇ ಕಥೆಯಲ್ಲ ಇದು. 1962ರ ಚೀನಾ ಯುದ್ಧದ ಸರ್ಕಾರಿ ಲೆಕ್ಕ ನೋಡಿ. ಸತ್ತವರು 1,383, ಕಾಣೆಯಾದವರು 1,696, ಸೆರೆ ಸಿಕ್ಕವರು 3,968. ಸತ್ತರು ಎಂದು ಖಚಿತವಾಗಿ ಹೇಳಬಹುದಾದವರಿಗಿಂತ ಏನಾದರೋ ತಿಳಿಯದವರೇ ಹೆಚ್ಚು. ಒಂದೊಂದು ಅಂಕಿಯ ಹಿಂದೆ ಒಂದೊಂದು ಮನೆ. ಆ ಮನೆಗಳಲ್ಲಿ ಹೆಂಡತಿ ಕುಂಕುಮ ಇಡಬೇಕೋ ಬೇಡವೋ ಎಂಬುದೂ ತೀರ್ಮಾನವಾಗದೆ ವರ್ಷಗಳು ಉರುಳಿರುತ್ತವೆ.

1971ರ ಯುದ್ಧದ ನಂತರ ‘54 ಮಂದಿ’ ಎಂಬ ಪಟ್ಟಿ ಹುಟ್ಟಿಕೊಂಡಿತು. ಪಾಕಿಸ್ತಾನದ ಜೈಲುಗಳಲ್ಲಿ ಇರಬಹುದು ಎಂದು ಭಾರತ ನಂಬಿದ ಸೈನಿಕರು ಇವರು, ಅವರಲ್ಲಿ ಪೈಲಟ್‌ಗಳೂ ಬಹಳ. ಯುದ್ಧ ಗೆದ್ದ ನಾವು 93 ಸಾವಿರ ಪಾಕಿಸ್ತಾನಿ ಕೈದಿಗಳನ್ನು ವಾಪಸ್ ಕಳಿಸಿದೆವು, ಆದರೆ ಈ 54 ಜನರ ವಿಚಾರ ಇತ್ಯರ್ಥವಾಗಲಿಲ್ಲ. 1983ರಲ್ಲಿ ಮತ್ತು 2007ರಲ್ಲಿ ಕುಟುಂಬದವರು ಪಾಕಿಸ್ತಾನಕ್ಕೆ ಹೋಗಿ ಜೈಲುಗಳನ್ನು ನೋಡಿ ಬರಿಗೈಲಿ ಬಂದರು. ಅಂಥವರು ಯಾರೂ ತಮ್ಮ ಬಳಿ ಇಲ್ಲ ಎಂಬುದೇ ಪಾಕಿಸ್ತಾನದ ಮಾತು. 2019ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಈ 54 ಮಂದಿ ಸೇರಿ 83 ಸೈನಿಕರು ಪಾಕಿಸ್ತಾನದ ವಶದಲ್ಲಿ ಇದ್ದಾರೆಂದು ಭಾರತ ನಂಬಿದೆ. ಅಂದು 25 ವರ್ಷದ ಹುಡುಗನಾಗಿದ್ದವನಿಗೆ ಇಂದು 80ರ ಹತ್ತಿರ. ಕಾಯುವ ತಂದೆ ತಾಯಿ ಉಳಿದಿಲ್ಲ. ಈಗ ಕಾಯುತ್ತಿರುವವರು ಮಕ್ಕಳು, ಮೊಮ್ಮಕ್ಕಳು.

ಕೆಲವು ಸಲ ಹಿಮ ತಾನಾಗಿಯೇ ಉತ್ತರ ಕೊಡುತ್ತದೆ. 1984ರ ಮೇ ತಿಂಗಳಲ್ಲಿ ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಕ್ಕಿ ಕಾಣೆಯಾದ 19ನೇ ಕುಮಾವೂಂ ರೆಜಿಮೆಂಟಿನ ಲಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ಅವಶೇಷ 2022ರ ಆಗಸ್ಟ್‌ನಲ್ಲಿ ಸಿಕ್ಕಿತು. 38 ವರ್ಷದ ಮೇಲೆ. ಗುರುತು ಹಿಡಿದದ್ದು ಕೊರಳಲ್ಲಿನ ಲೋಹದ ಬಿಲ್ಲೆಯ ಮೇಲಿದ್ದ ಸೇನಾ ಸಂಖ್ಯೆಯಿಂದ.

ಹುಡುಕಲು ಹೋದವರೂ ಮರಳದಿದ್ದಾಗ

ಹುಡುಕುವ ಕೆಲಸ ಸುಮ್ಮನೆ ಆಗುವುದಿಲ್ಲ, ಅದಕ್ಕೂ ಜೀವಗಳ ಬೆಲೆ ಇದೆ. 1999ರ ಮೇ 27ರಂದು ಕಾರ್ಗಿಲ್‌ನಲ್ಲಿ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ವಿಮಾನದಿಂದ ಹೊರಗೆ ಹಾರಬೇಕಾಯಿತು. ಅವರು ಎಲ್ಲಿ ಬಿದ್ದರು ಎಂದು ನೋಡಲು ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅಲ್ಲೇ ಸುತ್ತು ಹಾಕಿದರು. ಮರಳಿ ಹೋಗಿದ್ದರೆ ಬದುಕುತ್ತಿದ್ದರು. ನಿಂತದ್ದಕ್ಕೆ ಅವರ ವಿಮಾನಕ್ಕೆ ಕ್ಷಿಪಣಿ ತಗುಲಿತು, ಜೀವ ಹೋಯಿತು. ನಚಿಕೇತ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಬಂದರು.

2013ರ ಜೂನ್ 25ರಂದು ಉತ್ತರಾಖಂಡದ ಪ್ರವಾಹದಲ್ಲಿ ಸಿಕ್ಕಿಬಿದ್ದ ಯಾತ್ರಿಕರನ್ನು ತರಲು ಹೋದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಗೌರಿಕುಂಡದ ಹತ್ತಿರ ಬಿದ್ದು 20 ಮಂದಿ ಹೋದರು. ಅದು ಯುದ್ಧವಲ್ಲ. ಆದರೂ ಬೇರೆಯವರ ಜೀವ ತರಲು ಹೋಗಿ ತಮ್ಮ ಜೀವ ಕೊಟ್ಟವರು ಅವರೆಲ್ಲ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕಕ್ಕೂ ಇದೇ ಅನುಭವ. 1972ರ ಏಪ್ರಿಲ್‌ನಲ್ಲಿ ವೈರಿ ಪ್ರದೇಶದಲ್ಲಿ ಬಿದ್ದ ಒಬ್ಬ ವಾಯುಪಡೆ ಅಧಿಕಾರಿಯನ್ನು ಕರೆತರಲು ಹೋದ ರಕ್ಷಣಾ ಹೆಲಿಕಾಪ್ಟರನ್ನು ಹೊಡೆದುರುಳಿಸಿದರು. ಒಳಗಿದ್ದ ಆರು ಜನರೂ ಸತ್ತರು, ದೇಹಗಳು ವೈರಿ ನೆಲದಲ್ಲೇ ಉಳಿದವು. ಯುದ್ಧ ಮುಗಿದ ಮೇಲೆ ಅಮೆರಿಕದವರು ಅದೇ ಜಾಗಕ್ಕೆ ಹೋಗಿ ಮಣ್ಣು ಜರಡಿ ಹಿಡಿದು ಅವಶೇಷ ಹೆಕ್ಕಿದರು. 1997ರಲ್ಲಿ, 25 ವರ್ಷದ ನಂತರ, ಅವರಿಗೆ ತಮ್ಮ ದೇಶದ ಸೈನಿಕ ಸ್ಮಶಾನದಲ್ಲಿ ಮಣ್ಣು ಸಿಕ್ಕಿತು.

ಅಲ್ಲಿ ಈ ಕೆಲಸಕ್ಕಂತಲೇ ಒಂದು ಸರ್ಕಾರಿ ಸಂಸ್ಥೆ ಇದೆ. ಎರಡನೆಯ ಮಹಾಯುದ್ಧದಿಂದ ಈಚೆಗೆ ಕಾಣೆಯಾದ 80 ಸಾವಿರಕ್ಕೂ ಹೆಚ್ಚು ಜನರ ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರನ್ನೇ ಹುಡುಕುತ್ತದೆ. ಆ ಕಾಲದಲ್ಲಿ ನಮ್ಮ ಈಶಾನ್ಯದ ಗುಡ್ಡಗಳಲ್ಲಿ ಬಿದ್ದ ಅಮೆರಿಕದ ವಿಮಾನಗಳನ್ನು ಹುಡುಕಲು 2021ರಲ್ಲಿ ಗುಜರಾತಿನ ಗಾಂಧಿನಗರದಲ್ಲಿರುವ ನಮ್ಮದೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿದೆ. ಬೇರೆ ದೇಶದ ಸೈನಿಕನ ಎಲುಬು ಗುರುತಿಸುವ ವಿದ್ಯೆ ನಮ್ಮಲ್ಲಿ ಇದೆ ಎಂದಾಯಿತು. ನಮ್ಮ 1,696 ಜನರಿಗೆ, ನಮ್ಮ 83 ಜನರಿಗೆ ಅದೇ ಹಟದಿಂದ ಕೆಲಸ ಮಾಡುವ ಖಾಯಂ ಕಚೇರಿ ಯಾಕೆ ಬೇಡ ಎಂಬ ಪ್ರಶ್ನೆಯನ್ನು ನಮ್ಮ ಸಂಸದರ ಮುಂದೆ ಇಡಬಹುದು.

ಪಾಕಿಸ್ತಾನವೂ ಸುಮ್ಮನೆ ಬಿಟ್ಟಿಲ್ಲ. 2012ರ ಏಪ್ರಿಲ್‌ನಲ್ಲಿ ಸಿಯಾಚಿನ್ ಹತ್ತಿರದ ಗಯಾರಿ ಶಿಬಿರದ ಮೇಲೆ ಹಿಮ ಕುಸಿದು 140 ಜನ ಹೂತುಹೋದಾಗ ಅವರ ಸೇನೆ ತಿಂಗಳುಗಟ್ಟಲೆ ಅಗೆದು ದೇಹಗಳನ್ನು ಹೊರತೆಗೆಯಿತು. ಗಡಿಯ ಎರಡೂ ಕಡೆ ತಾಯಂದಿರು ಕೇಳುವುದು ಒಂದನ್ನೇ: ನನ್ನ ಮಗ ಎಲ್ಲಿ?

ದೇಹ ಇಲ್ಲದಿದ್ದರೂ ಕಲ್ಲು ನಿಲ್ಲಿಸುತ್ತಿದ್ದರು

ಉಣಕಲ್ ಕೆರೆಯಲ್ಲಿ ಯಾರಾದರೂ ಬಿದ್ದರೆ ಏನಾಗುತ್ತದೆ ಎಂದು ಇಲ್ಲಿನವರಿಗೆ ಗೊತ್ತು. ಅಗ್ನಿಶಾಮಕ ದಳದವರು ನೀರಿಗಿಳಿದು ಹುಡುಕುತ್ತಿದ್ದರೆ ದಂಡೆ ಮೇಲೆ ಮಂದಿ ನಿಂತಿರುತ್ತಾರೆ. ಗೊತ್ತಿದ್ದವರೂ ನಿಲ್ಲುತ್ತಾರೆ, ಗೊತ್ತಿಲ್ಲದವರೂ ನಿಲ್ಲುತ್ತಾರೆ. ಬದುಕಿಲ್ಲ ಅಂತ ಎಲ್ಲರಿಗೂ ಗೊತ್ತಾದ ಮೇಲೂ ‘ಸಿಗ್ಲಿ ಬಿಡ್ರೀ, ಮನಿಯವ್ರಿಗೆ ಮಣ್ಣರ ಆಗ್ಲಿ’ ಅಂತಾರೆ. ಮಣ್ಣು ಆಗದೆ ದುಃಖ ಮುಗಿಯುವುದಿಲ್ಲ ಎಂಬುದು ಪುಸ್ತಕ ಓದಿ ಕಲಿತದ್ದಲ್ಲ. ಸಿದ್ಧಪ್ಪಜ್ಜನ ಗದ್ದಿಗೆಗೆ ಮಂದಿ ಇಂದಿಗೂ ನಡೆದು ಬರುವುದು ಅಜ್ಜ ಇಲ್ಲಿ ಇದ್ದಾನೆ ಎಂಬ ನಂಬಿಕೆಯಿಂದ. ನೆನಪಿಗೆ ಒಂದು ಜಾಗ ಬೇಕು.

ಹಾಗಾದರೆ ದೇಹವೇ ಬಾರದವರಿಗೆ? ಇದಕ್ಕೂ ಕನ್ನಡದ ಹಳ್ಳಿಗಳಲ್ಲಿ ಹಳೆಯ ಉತ್ತರವಿದೆ: ವೀರಗಲ್ಲು. ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇರುವ ಉಣಕಲ್‌ನವರಿಗೆ ಆ ಕಾಲದ ಕಲ್ಲುಗಳೇನು ಹೊಸದಲ್ಲ. ಜಿಲ್ಲೆಯ ಎಷ್ಟೋ ಊರುಗಳ ಗುಡಿ ಮುಂದೆ, ಕೆರೆ ದಂಡೆ ಮೇಲೆ ವೀರಗಲ್ಲುಗಳು ನಿಂತಿವೆ. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಶಿವನ ಸನ್ನಿಧಿ, ಅದರ ಮೇಲೆ ಸೂರ್ಯ ಚಂದ್ರ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನಿಗೂ, ಊರು ಉಳಿಸಲು ಸತ್ತವನಿಗೂ ಕಲ್ಲು. ಆ ಕಲ್ಲಿನಡಿ ದೇಹ ಇರಲೇಬೇಕು ಎಂಬ ನಿಯಮವಿರಲಿಲ್ಲ. ಹೆಸರು ಇದ್ದರೆ ಸಾಕು.

ಇನ್ನೊಂದು ಸಂಗತಿಯನ್ನೂ ಶಾಸನಗಳು ಹೇಳುತ್ತವೆ. ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಸತ್ತ ವೀರನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು, ನೆತ್ತರು ಚೆಲ್ಲಿದ್ದಕ್ಕೆ ಕೊಟ್ಟ ಕೊಡುಗೆ ಎಂದು ಅರ್ಥ. ಒಂದು ಕೈಯಲ್ಲಿ ನೆನಪು, ಇನ್ನೊಂದು ಕೈಯಲ್ಲಿ ಅನ್ನ. ನೂರಾರು ವರ್ಷದ ಹಿಂದಿನ ಊರ ಹಿರಿಯರಿಗೆ ಎರಡೂ ಒಟ್ಟಿಗೇ ಹೋಗಬೇಕು ಎಂದು ತಿಳಿದಿತ್ತು.

ಇವತ್ತು ಈ ಎರಡೂ ಬೇರೆ ಬೇರೆಯಾಗಿವೆ. ಶವಪೆಟ್ಟಿಗೆ ಬಂದಾಗ ಫ್ಲೆಕ್ಸ್, ಮೆರವಣಿಗೆ, ಭಾಷಣ ಎಲ್ಲ ಇರುತ್ತದೆ. ಹದಿಮೂರನೇ ದಿನ ದಾಟಿದ ಮೇಲೆ ಮನೆಯವರು ಕಚೇರಿಯಿಂದ ಕಚೇರಿಗೆ ಓಡಾಡುವಾಗ ಜೊತೆಗೆ ಬರುವವರು ಕಡಿಮೆ. ಪೆಟ್ಟಿಗೆಯೇ ಬಾರದಿದ್ದರೆ ಆ ಮೆರವಣಿಗೆಯೂ ಇಲ್ಲ, ಓಡಾಟ ಮಾತ್ರ ಎರಡರಷ್ಟು.

ಕಾಗದಪತ್ರದ ಗೋಳು

ಸೇನೆಯ ಲೆಕ್ಕದಲ್ಲಿ ಮೂರು ಮಾತುಗಳಿವೆ. ಒಂದು, ‘ಕಾರ್ಯಾಚರಣೆಯಲ್ಲಿ ಮೃತ’. ಎರಡು, ‘ಕಾಣೆ’. ಮೂರು, ‘ಕಾಣೆ, ಮೃತರೆಂದು ನಂಬಲಾಗಿದೆ’. ಘಟಕದೊಳಗೆ ವಿಚಾರಣೆ ನಡೆಸಿ, ಸಾಕ್ಷಿ ಕೇಳಿ, ಎರಡನೆಯದರಿಂದ ಮೂರನೆಯದಕ್ಕೆ ಬದಲಿಸುತ್ತಾರೆ. ಈ ಒಂದು ಸಾಲು ಬದಲಾಗುವುದರ ಮೇಲೆ ಮನೆಯ ಎಷ್ಟೋ ಕೆಲಸ ನಿಂತಿರುತ್ತವೆ.

ಸಾಮಾನ್ಯ ಕಾನೂನಿನಲ್ಲಿ ಲೆಕ್ಕ ಇನ್ನೂ ಉದ್ದ. ಒಬ್ಬ ಮನುಷ್ಯನ ಸುದ್ದಿ ಸಹಜವಾಗಿ ಯಾರಿಗೆ ತಿಳಿಯಬೇಕೋ ಅವರಿಗೆ ಏಳು ವರ್ಷ ಯಾವ ಸುದ್ದಿಯೂ ತಿಳಿಯದಿದ್ದರೆ, ಆತ ಬದುಕಿದ್ದಾನೆ ಎಂದು ವಾದಿಸುವವರೇ ಅದನ್ನು ಸಾಬೀತು ಮಾಡಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 108ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111ನೇ ಕಲಮು. ಅಂಕಿ ಬದಲಾಯಿತು, ಏಳು ವರ್ಷ ಬದಲಾಗಲಿಲ್ಲ.

ಏಳು ವರ್ಷ ಅಂದರೆ ಒಂದನೇ ಇಯತ್ತೆಯ ಮಗು ಹೈಸ್ಕೂಲಿಗೆ ಬರುವಷ್ಟು ಕಾಲ. ಅಲ್ಲಿಯವರೆಗೆ ಹೊಲದ ಉತಾರದಲ್ಲಿ ಆತನ ಹೆಸರು ಹಾಗೇ ಇರುತ್ತದೆ, ವಾರಸಾ ಆಗುವುದಿಲ್ಲ. ಬ್ಯಾಂಕಿನ ಖಾತೆ, ವಿಮೆ ಪಾಲಿಸಿ, ಮನೆ ಸಾಲ ಎಲ್ಲದಕ್ಕೂ ಕೌಂಟರಿನಲ್ಲಿ ಕೂತವರು ಕೇಳುವುದು ಒಂದೇ ಕಾಗದ: ಮರಣ ಪ್ರಮಾಣ ಪತ್ರ. ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಸಹಿ ಇಲ್ಲದೆ ಒಂದು ಲೈಸನ್ಸ್ ನವೀಕರಣ ಎಷ್ಟು ದಿನ ನಿಲ್ಲುತ್ತದೆ ಎಂದು ಅವರಿಗೆ ಗೊತ್ತು.

2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಈ ಪ್ರಶ್ನೆ ಇನ್ನೂ ಹತ್ತಿರವಾಗಿದೆ. ನಮ್ಮ ಭಾಗದ ಹುಡುಗರು ನಾಲ್ಕು ವರ್ಷದ ಅಗ್ನಿವೀರರಾಗಿ ಹೋಗುತ್ತಿದ್ದಾರೆ. ಅವರಿಗೆ ಪಿಂಚಣಿ ಇಲ್ಲ, 48 ಲಕ್ಷ ರೂಪಾಯಿಯ ಜೀವ ವಿಮೆ ಇದೆ. ವಿಮೆ ಅಂದರೆ ಸಾವು ಖಚಿತವಾಗಬೇಕು. ದೇವಯ್ಯ ಅವರಂತೆ ಏನಾಯಿತು ಎಂದೇ ತಿಳಿಯದ ಪರಿಸ್ಥಿತಿ ಬಂದರೆ ಮನೆಯವರಿಗೆ ಎಷ್ಟು ದಿನದೊಳಗೆ ಏನು ಸಿಗಬೇಕು ಎಂಬುದನ್ನು ಸೇರುವ ಹೊತ್ತಿಗೇ ಅವರಿಗೆ ಕನ್ನಡದಲ್ಲಿ, ಬರೆದ ಕಾಗದದಲ್ಲಿ ತಿಳಿಸುವಂತಾಗಬೇಕು. ಇದು ದೊಡ್ಡ ಬೇಡಿಕೆ ಏನಲ್ಲ.

ಹುಡುಗ ಸೇನೆಯಲ್ಲಿರುವ ಮನೆಯವರು ಇವತ್ತೇ ಮಾಡಬಹುದಾದ ಕೆಲಸಗಳೂ ಇವೆ. ಆತನ ಸೇನಾ ಸಂಖ್ಯೆ, ಘಟಕದ ಹೆಸರು, ದಾಖಲೆ ಕಚೇರಿಯ ವಿಳಾಸ ಒಂದು ಕಾಗದದಲ್ಲಿ ಬರೆದು ಮನೆಯ ಇಬ್ಬರಿಗಾದರೂ ಗೊತ್ತಿರುವ ಜಾಗದಲ್ಲಿ ಇಡಬೇಕು. ಹರ್ಬೋಲಾ ಅವರನ್ನು 38 ವರ್ಷದ ಮೇಲೆ ಮನೆಗೆ ತಂದದ್ದು ಒಂದು ಸಂಖ್ಯೆಯೇ ಎಂಬುದನ್ನು ಮರೆಯಬಾರದು. ಬ್ಯಾಂಕ್, ವಿಮೆ, ಭವಿಷ್ಯ ನಿಧಿ ಎಲ್ಲದರಲ್ಲೂ ನಾಮಿನಿ ಹೆಸರು ಸರಿ ಇದೆಯೇ, ಮದುವೆಯಾದ ಮೇಲೆ ಬದಲಿಸಿದ್ದಾರೆಯೇ ಎಂದು ರಜೆಗೆ ಬಂದಾಗ ನೋಡಿಕೊಳ್ಳಬೇಕು. ಆಧಾರ್, ರೇಷನ್ ಕಾರ್ಡ್, ಸೇನೆಯ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇರಬೇಕು. ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅಲ್ಲೇ ಕಡತ ನಿಲ್ಲುತ್ತದೆ. ಯಾವುದೇ ತೊಡಕು ಬಂದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿಗೆ ಕಡತ ಹುಟ್ಟುವುದಿಲ್ಲ.

ಫೆಬ್ರುವರಿ 11ರ ಹೊತ್ತಿಗೆ

ಹನುಮಂತಪ್ಪ ಅವರ ಪುಣ್ಯದಿನಕ್ಕೆ ಹಾರ, ಭಾಷಣ ಇದ್ದೇ ಇರುತ್ತದೆ, ಇರಲಿ. ಅದರ ಜೊತೆಗೆ ಒಂದು ಸಣ್ಣ ಕೆಲಸ ಸೇರಿಸಬಹುದು. ಪ್ರತಿ ಗ್ರಾಮ ಪಂಚಾಯಿತಿ, ಉಣಕಲ್‌ನಂಥ ಪ್ರತಿ ವಾರ್ಡು ತನ್ನಲ್ಲಿಂದ 1962, 1965, 1971ರ ಯುದ್ಧಗಳಿಗೆ ಹೋಗಿ ಮರಳದವರ ಹೆಸರು ಬರೆದುಕೊಳ್ಳಲಿ. ಸತ್ತವರದು ಒಂದು ಸಾಲು, ಏನಾದರೋ ತಿಳಿಯದವರದು ಇನ್ನೊಂದು ಸಾಲು. ಇದಕ್ಕೆ ಅನುದಾನ ಬೇಕಾಗಿಲ್ಲ. ಊರ ಹಿರಿಯರನ್ನು, ನಿವೃತ್ತ ಸೈನಿಕರನ್ನು ಕೂರಿಸಿ ಕೇಳಿದರೆ ಒಂದು ಸಂಜೆಯ ಕೆಲಸ. 1965ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 80ರ ಆಸುಪಾಸು. ಇನ್ನು ಹತ್ತು ವರ್ಷ ತಡ ಮಾಡಿದರೆ ಹೇಳುವವರೇ ಇರುವುದಿಲ್ಲ.

ಆ ಪಟ್ಟಿಯನ್ನು ಶಾಲೆಯ ಗೋಡೆಗೆ ಬರೆಸಬಹುದು, ಪಂಚಾಯಿತಿ ಕಚೇರಿಯಲ್ಲಿ ತೂಗುಹಾಕಬಹುದು. ವ್ಯಾಪಾರಸ್ಥರು ಮನಸ್ಸು ಮಾಡಿದರೆ ಒಂದು ಕಲ್ಲೂ ನಿಲ್ಲಿಸಬಹುದು. ಖಾಲಿ ಸಾಲು ಉಳಿದರೂ ಚಿಂತೆಯಿಲ್ಲ. ನಮ್ಮ ಊರಿನಿಂದ ಯಾರೂ ಕಾಣೆಯಾಗಿಲ್ಲ ಎಂದು ಖಚಿತವಾಗಿ ಗೊತ್ತಾಗುವುದೂ ಒಂದು ಸಮಾಧಾನವೇ.

ದೇವಯ್ಯ ಅವರಿಗೆ ಪದಕ ತಂದದ್ದು ಯಾವ ಇಲಾಖೆಯೂ ಅಲ್ಲ. ಒಬ್ಬ ಲೇಖಕ ಕಡತ ತಿರುವಿದ, ಒಬ್ಬ ಸಂಗಾತಿ ಬೆನ್ನು ಹತ್ತಿದ. ಹನುಮಂತಪ್ಪ ಅವರನ್ನು ಮನೆಗೆ ತಂದದ್ದು ‘ಇನ್ನು ಯಾರೂ ಇಲ್ಲ’ ಎಂಬ ಮಾತನ್ನು ನಂಬದೆ ಅಗೆದವರು. ಎರಡರಲ್ಲೂ ಕಾಣುವುದು ಇಷ್ಟೇ: ಯಾರೋ ಒಬ್ಬರು ಹುಡುಕುವುದನ್ನು ಬಿಡಲಿಲ್ಲ. ಉಳಿದ ಹೆಸರುಗಳಿಗೂ ಅಂಥವರು ಒಬ್ಬೊಬ್ಬರು ಬೇಕಾಗಿದ್ದಾರೆ.